ಮೊದ್ಲು ಹೊರಗ, ಆಮ್ಯಾಲ ತಿರುವು

ಬೆಳಗಿನ ಆರೂಕಾಲು. ತುಂಗಭದ್ರಾ ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿಲ್ಲ. ತಂಬ್ರಹಳ್ಳಿ ಕಡೆಯ ದಂಡೆಯಿಂದ ಕೂಗಳತೆಯ ದೂರದಲ್ಲಿ ಬಿದಿರಿನ ದುಂಡು ತೆಪ್ಪವೊಂದು ನಿಂತಿದೆ. ಸೆರಗನ್ನು ತಲೆಗೆ ಬಿಗಿದು ಅದರಲ್ಲಿ ಕೂತಿರುವ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದಾರೆ. ನಿದ್ದೆಯಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ.

ಮಂಜಿನೊಳಗಿಂದ ಸಪ್ಪಳ ಬರುತ್ತದೆ. ಛಳಕ್. ಸ್ವಲ್ಪ ಬಿಡುವು. ಮತ್ತೆ ಛಳಕ್. ಉದ್ದನೆಯ, ಮೊಳದಗಲದ ದೋಣಿಯೊಂದು ತೆಪ್ಪದ ಪಕ್ಕದಲ್ಲೇ ಹಾದುಹೋಗುತ್ತದೆ. ನಾಲ್ಕು ಹುಡುಗಿಯರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತು ಒಬ್ಬೊಬ್ಬರು ಒಂದೊಂದು ಹುಟ್ಟು ಎಳೆಯುತ್ತಿದ್ದಾರೆ. ಅವರಿಗೆ ಎದುರಾಗಿ ಕೂತ ಐದನೆಯವಳು ಚುಕ್ಕಾಣಿಯ ಹಗ್ಗ ಹಿಡಿದು ಕೂಗು ಹಾಕುತ್ತಿದ್ದಾಳೆ. ದೋಣಿ ಮರೆಯಾದ ಮೇಲೆ ಹೆಂಗಸು ಕಣ್ಣು ಬಿಟ್ಟು ಹೇಳುತ್ತಾರೆ:

“ನಾಕು ಹುಟ್ಟು ನೀರಿಗಿ ಬಿದ್ರ ಒಂದ ಸಪ್ಪಳ ಆಗಬೇಕು ನೋಡ್ರಿ. ಈಗ ಒಂದೂಕಾಲು ಕೇಳಸ್ತು.”

ಇವರು ಅನ್ನದಾನಮ್ಮ. ವಯಸ್ಸು ಐವತ್ತಮೂರು. ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು. ದಿನಕ್ಕೆ ನೂರ ಎಂಬತ್ತಾರು ಮಕ್ಕಳಿಗೆ ಅನ್ನ, ಸಾರು. ಒಲೆ ಹಚ್ಚುವ ಮುಂಚಿನ ಎರಡು ತಾಸಿನಲ್ಲಿ ಅವರು ಮಾಡುವ ಕೆಲಸ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಹಗರಿಬೊಮ್ಮನಹಳ್ಳಿಯ ಕಾಲೇಜೊಂದರ ಹುಡುಗಿಯರ ದೋಣಿ ತಂಡಕ್ಕೆ ಅವರೇ ಗುರು. ತರಬೇತಿಯ ಪ್ರಮಾಣಪತ್ರವಿಲ್ಲ, ಸೀಟಿಯಿಲ್ಲ, ಟ್ರ್ಯಾಕ್ ಸೂಟೂ ಇಲ್ಲ. ಮಡಿಲಲ್ಲಿ ಒಂದು ಹಿಡಿ ಹುಣಸೆಬೀಜ ಇರುತ್ತದೆ, ಅಷ್ಟೆ.

ಹುಡುಗಿಯರು ಹತ್ತು ಸಲ ಎಳೆದರೆ ಒಂದು ಬೀಜ ಎಡಗೈಯಿಂದ ಬಲಗೈಗೆ ಹೋಗುತ್ತದೆ. ಸಾವಿರ ಮೀಟರಿನ ಓಟ ಮುಗಿಯುವಾಗ ಬಲಗೈಯಲ್ಲಿ ಎಷ್ಟು ಬೀಜ ಕೂಡಿದೆ ಎಂಬುದೇ ಲೆಕ್ಕ. “ಗಡಿಯಾರ ಕಾಲೇಜಿನ ಹಂಪೇಶ್ ಸರ ಹಿಡೀತಾರ. ನಂಗ ಬೀಜ ಸಾಕು. ಬೀಜ ಕಮ್ಮಿ ಆದಂಗ ದೋಣಿ ಜಾರಾಕತ್ತೈತಿ ಅಂತ ಅರ್ಥ. ಬರೇ ಜೋರು ಎಳದ್ರ ಏನ್ ಬಂತು? ರಟ್ಟಿ ನೋವು ಬಂತು.”

ಜನರನ್ನು ಹೊಳೆ ದಾಟಿಸುವ ಕಡವಿನಲ್ಲಿ ತೆಪ್ಪ ನಡೆಸುತ್ತಿದ್ದ ಅವರಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಹನ್ನೆರಡನೇ ವಯಸ್ಸಿಗೇ ಕಡವಿನ ಹುಟ್ಟು ಅನ್ನದಾನಮ್ಮನ ಕೈಗೆ ಬಂತು. ಇಪ್ಪತ್ತಾರು ವರ್ಷ ಜನರನ್ನು, ಕುರಿಗಳನ್ನು, ಸೈಕಲ್ಲುಗಳನ್ನು, ಒಮ್ಮೆ ಮದುವೆ ಹೆಣ್ಣನ್ನೂ ಬ್ಯಾಂಡಿನವರನ್ನೂ ಒಟ್ಟಿಗೇ ಆಚೆ ದಡ ಮುಟ್ಟಿಸಿದರು. “ಬ್ಯಾಂಡಿನವ್ರು ನಟ್ಟನಡು ನೀರಾಗ ಬಾರ್ಸಾಕ ಶುರು ಹಚ್ಚಿದ್ರು. ತೆಪ್ಪ ಕುಣಿದ್ರ ಹೆಣ್ಣು ಸುದ್ದಾ ನೀರು ಪಾಲು, ದಡಕ್ಕ ಹೋಗಿ ಬಾರಸ್ರಪಾ ಅಂತ ಬೈದ್ನಿ.” ರಸ್ತೆ, ಬಸ್ಸು ಬಂದ ಮೇಲೆ ಕಡವು ನಿಂತಿತು. ತೆಪ್ಪ ಮೀನಿನ ಬಲೆಗೆ ಉಳಿಯಿತು, ಅವರು ಅಡುಗೆಮನೆ ಸೇರಿದರು. ಆದರೂ ದಂಡೆಯ ಮಕ್ಕಳಿಗೆ ತೆಪ್ಪ ನಡೆಸುವುದನ್ನು ಕಲಿಸುವುದು ಬಿಡಲಿಲ್ಲ. ಈ ನಾಲ್ವರೂ ಆರೇಳು ವರ್ಷದವರಿದ್ದಾಗ ಅವರ ತೆಪ್ಪದಲ್ಲೇ ಹುಟ್ಟು ಹಿಡಿದವರು. ಇವತ್ತಿಗೂ ಅವರನ್ನು ಅತ್ತಿ ಎಂದೇ ಕರೆಯುತ್ತಾರೆ.

ಹುಡುಗಿಯರ ಈ ಪಳಗಿದ ಕೈಯನ್ನು ಗುರುತಿಸಿದವರು ಕಾಲೇಜಿನ ದೈಹಿಕ ಶಿಕ್ಷಣ ಅಧ್ಯಾಪಕ ಹಂಪೇಶ್. ನೀರಿನ ಭಯವೇ ಇಲ್ಲದ ನಾಲ್ಕು ಹುಡುಗಿಯರು ಒಂದೇ ಕಾಲೇಜಿನಲ್ಲಿರುವುದನ್ನು ಕಂಡು, ಓಡಾಡಿ, ಕ್ರೀಡಾ ಸಂಸ್ಥೆಯೊಂದರಿಂದ ಹಳೆಯ ಪಂದ್ಯದ ದೋಣಿಯನ್ನು ಎರಡು ವರ್ಷದ ಮಟ್ಟಿಗೆ ತಂದರು, ಕಲಿಸಲು ಅನ್ನದಾನಮ್ಮನನ್ನೇ ಒಪ್ಪಿಸಿದರು. ಷರತ್ತು ಒಂದೇ. ಎರಡನೇ ವರ್ಷದ ಜನವರಿಯೊಳಗೆ, ಸಂಸ್ಥೆಯವರ ಎದುರಿನಲ್ಲಿ, ಸಾವಿರ ಮೀಟರನ್ನು ನಾಲ್ಕೂವರೆ ನಿಮಿಷದೊಳಗೆ ಮುಗಿಸಬೇಕು. ಇಲ್ಲದಿದ್ದರೆ ದೋಣಿ ಬೇರೆ ಜಿಲ್ಲೆಗೆ ಹೋಗುತ್ತದೆ. ದೋಣಿ ಹೋದರೆ ತಂಡವೂ ಇಲ್ಲ.

ದೋಣಿ ಬಂದಾಗ ಅದರ ಆಸನಗಳು ಜಾರುತ್ತಿರಲಿಲ್ಲ. ಈ ದೋಣಿಯಲ್ಲಿ ಕೂತವರು ಕಾಲು ಮಡಚಿ ಚಾಚಿದಂತೆ ಆಸನವೂ ಹಿಂದೆ ಮುಂದೆ ಜಾರಬೇಕು. ಬೈಕ್ ಮೆಕ್ಯಾನಿಕ್ ಮೌಲಾಸಾಬ್ ಗುಜರಿಯಿಂದ ಬೇರಿಂಗ್ ಹೆಕ್ಕಿ ತಂದು ಕೂರಿಸಿದರು. ಅವರ ಮಗಳು ನೂರೀನ ಅದೇ ಕಾಲೇಜಿನವಳು. ಅಪ್ಪನ ಜತೆ ದೋಣಿ ನೋಡಲು ಬಂದವಳು ಈಗ ಚುಕ್ಕಾಣಿ ಹಿಡಿದು ಕೂಗು ಹಾಕುತ್ತಾಳೆ. “ಮನ್ಯಾಗ ಇವ್ಳ ಬಾಯಿ ತಡ್ಕಳಾಕ ಆಗ್ತಿರಲಿಲ್ಲ ಅಕ್ಕಾರ, ಇಲ್ಲಿ ಕೆಲಸಕ್ಕ ಬಂತು” ಎಂದು ಮೌಲಾಸಾಬ್ ನಗುತ್ತಾರೆ. ದಿನವೂ ಕತ್ತಲಿರುವಾಗಲೇ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವವರೂ ಅವರೇ.

ಮೊದಲ ತಿಂಗಳು ಸಾವಿರ ಮೀಟರಿಗೆ ಐದು ನಿಮಿಷದ ಮೇಲೆ ಹಿಡಿಯಿತು. ತೆಪ್ಪದವರು ಹೋಗುವ ಕಡೆ ಮುಖ ಮಾಡಿ ಕೂರುವವರು. ಬೆನ್ನು ಹಾಕಿ ಹೋಗುವುದೆಂದರೆ ಜೀವವೇ ಒಪ್ಪುತ್ತಿರಲಿಲ್ಲ. ಒಬ್ಬಳು ಕತ್ತು ತಿರುಗಿಸಿದರೆ ಸಾಕು, ದೋಣಿ ಒಂದು ಕಡೆ ವಾಲುತ್ತಿತ್ತು. ಆ ಅಭ್ಯಾಸ ನೂರೀನಳ ಬೈಗುಳಕ್ಕೆ ಹೋಯಿತು. ಎರಡನೇ ವರ್ಷದ ದಸರೆಯ ಹೊತ್ತಿಗೆ ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡಿಗೆ ಬಂದರು. ಅಲ್ಲಿಗೆ ನಿಂತುಬಿಟ್ಟಿತು. ವಾರ ಕಳೆಯಿತು, ತಿಂಗಳು ಕಳೆಯಿತು, ನಲವತ್ತೊಂದು, ನಲವತ್ತೆರಡು. ಬಲಗೈಯಲ್ಲಿ ಹದಿನೈದು ಬೀಜ.

ಒಂದು ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಹಂಪೇಶ್ ಮೊಬೈಲ್ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದರು. ದಂಡೆಯಿಂದ ತೆಗೆದ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿದರು. ಪ್ರತಿ ಎಳೆತದ ಕೊನೆಯಲ್ಲಿ, ಹುಟ್ಟಿನ ಅಲಗು ಇನ್ನೂ ನೀರಿನೊಳಗಿರುವಾಗಲೇ, ಹುಡುಗಿಯರ ಮಣಿಕಟ್ಟು ತಿರುಗುತ್ತಿತ್ತು. ಅಲಗು ಮಲಗಿ ನೀರಿಗೆ ಸಿಕ್ಕಿಕೊಳ್ಳುತ್ತಿತ್ತು, ದೋಣಿ ಸಣ್ಣಗೆ ನಡುಗಿ ವೇಗ ಕಳೆದುಕೊಳ್ಳುತ್ತಿತ್ತು. ನಾಲ್ವರದೂ ಅದೇ ತಪ್ಪು.

“ಇನ್ನೊಮ್ಮಿ ಹಚ್ರಿ ಸರ” ಎಂದರು ಅನ್ನದಾನಮ್ಮ. ಮೂರು ಸಲ ನೋಡಿದರು. ಆಮೇಲೆ ಅವರು ಹೇಳಿದ್ದು ಹಂಪೇಶರಿಗೆ ಇನ್ನೂ ನೆನಪಿದೆ: “ಅದು ಆ ಹುಡುಗೇರ ಕೈ ಅಲ್ಲ ಸರ. ನನ್ನ ಕೈ.”

ದುಂಡು ತೆಪ್ಪಕ್ಕೆ ಮೂತಿಯಿಲ್ಲ. ಒಂದು ಸಲ ಎಳೆದರೆ ನಿಂತಲ್ಲೇ ಬುಗುರಿಯಂತೆ ತಿರುಗಲು ನೋಡುತ್ತದೆ. ಅದನ್ನು ನೆಟ್ಟಗೆ ಹಿಡಿಯಲು ಎಳೆತದ ಕೊನೆಗೆ ನೀರಿನೊಳಗೇ ಹುಟ್ಟು ತಿರುವಬೇಕು. “ತೆಪ್ಪಕ್ಕ ಅದ ಜೀವ. ಈ ದೋಣಿಗೆ ಅದ ಬ್ರೇಕು. ಕಲಿಸಿದಾಕಿ ನಾನ. ಸಣ್ಣವಿದ್ದಾಗ ಕೈ ಹಿಡಿದು ತಿರುವಿಸಿ ತಿರುವಿಸಿ ಕಲಿಸೀನಿ.”

ಮುಂದಿನ ಎರಡು ದಿನ ಅವರು ದಂಡೆಗೆ ಬರಲಿಲ್ಲ. ಎರಡನೇ ದಿನ ತಂಡದ ಮೊದಲ ಹುಟ್ಟಿನವಳು, ಉಳಿದವರಿಗೆಲ್ಲ ತಾಳ ಕೊಡುವವಳು ಗೀತಾಂಜಲಿ, ಮನೆಗೇ ಹೋದಳು. “ಅತ್ತಿ ಮೂಲ್ಯಾಗ ಕುಂತಿದ್ಲು. ನನ್ನಿಂದ ನಿಮ್ಮ ದೋಣಿ ಹೋಗ್ತೈತಿ, ಬ್ಯಾರೆ ಯಾರನ್ನರ ನೋಡ್ಕೊಳ್ರಿ ಅಂದ್ಲು. ನಾನಂದೆ, ಕೆಡಿಸಿದಾಕಿ ನೀನ, ರಿಪೇರಿನೂ ನೀನ ಮಾಡಿಕೊಡು, ಬ್ಯಾರೆದೋರು ಯಾಕ ಮಾಡ್ಬೇಕು? ಅದಕ್ಕ ಸೌಟು ತಗಂಡು ಹೊಡಿಯಾಕ ಬಂದ್ಲು. ಆವಾಗ ಗೊತ್ತಾತು, ನಾಳಿ ಬರ್ತಾಳ ಅಂತ.”

ಮೂರನೇ ದಿನ ಅವರು ಎಲ್ಲರನ್ನೂ ಕರೆದುಕೊಂಡು ಹೋದದ್ದು ನೀರಿಗಲ್ಲ, ದನ ನೀರು ಕುಡಿಯುವ ಕಲ್ಲಿನ ತೊಟ್ಟಿಗೆ. ಮೌಲಾಸಾಬ್ ಹಳೇ ಬಸ್ಸಿನ ಸೀಟೊಂದನ್ನು ತೊಟ್ಟಿಯ ಪಕ್ಕ ಜಾರುವಂತೆ ಕೂರಿಸಿ, ಒಂದು ಹುಟ್ಟನ್ನು ಕಟ್ಟಿಕೊಟ್ಟರು. ಎಳೆತ ಮುಗಿಯುವ ಜಾಗಕ್ಕೂ ತೊಟ್ಟಿಯ ಗೋಡೆಗೂ ನಾಲ್ಕೇ ಬೆರಳು ಅಂತರ. ಅಲಗನ್ನು ನೆಟ್ಟಗೆ ನೀರಿನಿಂದ ಮೇಲೆತ್ತಿ ಆಮೇಲೆ ತಿರುವಿದರೆ ಸದ್ದಿಲ್ಲ. ನೀರಿನೊಳಗೇ ತಿರುವಿದರೆ ಅಲಗಿನ ಅಂಚು ಕಲ್ಲಿಗೆ ಬಡಿದು ಠಕ್ ಎನ್ನುತ್ತದೆ. ಬೈಯುವ ಕೆಲಸ ತೊಟ್ಟಿಯದು.

ಒಬ್ಬೊಬ್ಬರಿಗೆ ದಿನಕ್ಕೆ ಮುನ್ನೂರು ಎಳೆತ. ನೂರೀನ ತೊಟ್ಟಿಯ ಕಟ್ಟೆ ಮೇಲೆ ಕೂತು ಠಕ್ಕುಗಳನ್ನು ಎಣಿಸುತ್ತಿದ್ದಳು. ಮೊದಲ ದಿನ ಗೀತಾಂಜಲಿಯದು ಇನ್ನೂರ ಹನ್ನೊಂದು. “ಕೈ ಮಾತು ಕೇಳೂದ ಇಲ್ಲ ಅಂತಿತ್ತು. ರಾತ್ರಿ ಹೊದಿಕಿ ಒಳಗೂ ಮಣಿಕಟ್ಟು ತಿರುಗ್ತಿತ್ತು” ಎನ್ನುತ್ತಾಳೆ. ಅನ್ನದಾನಮ್ಮ ಪಕ್ಕದಲ್ಲಿ ನಿಂತು ಒಂದೇ ಮಾತನ್ನು ಹೇಳುತ್ತಲೇ ಇದ್ದರು: “ಮೊದ್ಲು ಹೊರಗ, ಆಮ್ಯಾಲ ತಿರುವು. ಮೊದ್ಲು ಹೊರಗ, ಆಮ್ಯಾಲ ತಿರುವು.”

ತೊಟ್ಟಿಯ ಪಕ್ಕದ ಮನೆಯ ಕೊಟ್ರಬಸಪ್ಪ ನಾಲ್ಕನೇ ದಿನ ಜಗಳಕ್ಕೇ ಬಂದರು. “ಏನಬೇ ಅನ್ನದಾನವ್ವ, ಐದು ಮಂದಿ ಕೋಲು ಹಿಡ್ಕಂಡು ನಿಂತ್ರ ನನ್ನ ಎಮ್ಮಿ ನೀರಿಗಿ ಬರಾಕ ಅಂಜತೈತಿ!” ಇವರ ಉತ್ತರ ಸಿದ್ಧವಿತ್ತು: “ನಿನ್ನ ಎಮ್ಮಿಗಿ ಹೇಳಣ್ಣ, ಏಳೂವರಿ ಮ್ಯಾಲ ಬಾ ಅಂತ. ಅದರ ಪಾಳಿ ಆವಾಗ.” ಎಮ್ಮೆ ಹೊಂದಿಕೊಂಡಿತು. ಕೊಟ್ರಬಸಪ್ಪನವರೂ ಹೊಂದಿಕೊಂಡರು. ಕೊನೆಕೊನೆಗೆ ಠಕ್ ಎಂದಾಗಲೆಲ್ಲ ಕಟ್ಟೆಯ ಮೇಲಿಂದ “ಹೋತು!” ಎಂದು ಕೂಗುತ್ತಿದ್ದವರು ಅವರೇ.

ಹತ್ತೊಂಬತ್ತನೇ ದಿನ ನಾಲ್ವರದೂ ಸೇರಿ ಸಾವಿರದ ಇನ್ನೂರು ಎಳೆತಕ್ಕೆ ಒಂಬತ್ತು ಠಕ್. ಮರುದಿನ ದೋಣಿ ನೀರಿಗಿಳಿಯಿತು. ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು. ಇನ್ನೂ ಮೂರು ಸೆಕೆಂಡು ಹೆಚ್ಚೇ. ಪರೀಕ್ಷೆಗೆ ಎಂಟು ದಿನ ಉಳಿದಿದೆ. ಮಂಜಿನಲ್ಲಿ ಕಣ್ಣು ಮುಚ್ಚಿ ಅವರು ಹುಡುಕುತ್ತಿರುವುದು ಆ ‘ಕಾಲು’ ಸಪ್ಪಳವನ್ನು.

ಜನವರಿಯ ಆ ಭಾನುವಾರ ದಂಡೆಯಲ್ಲಿ ನಲವತ್ತು ಐವತ್ತು ಜನ ಸೇರಿದ್ದಾರೆ. ಸಂಸ್ಥೆಯಿಂದ ಇಬ್ಬರು ಬಂದಿದ್ದಾರೆ. ಮೋಟಾರು ದೋಣಿಯಲ್ಲೊಬ್ಬರು, ಗುರಿಯ ಹತ್ತಿರ ಗಡಿಯಾರ ಹಿಡಿದು ಇನ್ನೊಬ್ಬರು. ಓಟದ ದಾರಿಯಲ್ಲಿ ತೆಪ್ಪ ಇರುವಂತಿಲ್ಲ, ಹಾಗಾಗಿ ಅನ್ನದಾನಮ್ಮ ದಂಡೆಯ ಕಲ್ಲಿನ ಮೇಲೆ. ಕೈಯಲ್ಲಿ ಬೀಜ. ಮೊದಲ ಅರ್ಧ ಹಗುರಾಗಿ ಹೋಗುತ್ತದೆ. ಏಳುನೂರು ಮೀಟರಿನ ಹತ್ತಿರ ಪಕ್ಕದಿಂದ ಗಾಳಿ ಏಳುತ್ತದೆ, ದೋಣಿ ಓಲಾಡುತ್ತದೆ. ಇಂಥ ಹೊತ್ತಿನಲ್ಲೇ ಕೈ ತನ್ನ ಹಳೆಯ ಬುದ್ಧಿಗೆ ಹೋಗುವುದು. ಅಷ್ಟು ದೂರದಿಂದಲೂ ನೂರೀನಳ ಗಂಟಲು ಕೇಳಿಸುತ್ತದೆ: “ಮೊದ್ಲು ಹೊರಗ! ಮೊದ್ಲು ಹೊರಗ!” ನಾಲ್ಕು ಅಲಗುಗಳು ನೆಟ್ಟಗೆ ನೀರಿನಿಂದ ಮೇಲೇಳುತ್ತವೆ, ಆಮೇಲೆ ಮಲಗುತ್ತವೆ.

ಕೊನೆಯ ನೂರು ಮೀಟರಿಗೆ ಅನ್ನದಾನಮ್ಮ ಕಣ್ಣು ಮುಚ್ಚುತ್ತಾರೆ. ದೋಣಿ ಗುರಿ ದಾಟುತ್ತದೆ. ಗಡಿಯಾರದವರು ಬಾಯಿ ತೆರೆಯುವ ಮೊದಲೇ ಅವರು ಬಲಗೈ ಬಿಚ್ಚಿ ತೋರಿಸುತ್ತಾರೆ. “ಹದಿಮೂರು ಬೀಜ, ಮ್ಯಾಲ ಮೂರು ಎಳೆತ. ದೋಣಿ ಉಳೀತ್ರಿ.” ಗಡಿಯಾರವೂ ಅದನ್ನೇ ಹೇಳುತ್ತದೆ: ನಾಲ್ಕು ನಿಮಿಷ ಇಪ್ಪತ್ತೆಂಟು ಸೆಕೆಂಡು.

ಹಂಪೇಶ್ ಕಣ್ಣೊರೆಸಿಕೊಳ್ಳುತ್ತಾರೆ. ಕೊಟ್ರಬಸಪ್ಪ ಮಂಡಕ್ಕಿ ಮಿರ್ಚಿ ತರಿಸುತ್ತಾರೆ. ಸಂಸ್ಥೆಯವರು ಕಾಗದಕ್ಕೆ ಸಹಿ ಹಾಕಿ ಹೊರಟ ಮೇಲೆ ಗೀತಾಂಜಲಿ ತನ್ನ ಜಾಗ ಬಿಟ್ಟು ಇಳಿದು ಬರುತ್ತಾಳೆ. ಈ ಎರಡು ವರ್ಷದಲ್ಲಿ ಅತ್ತಿ ಒಮ್ಮೆಯೂ ಈ ದೋಣಿಯಲ್ಲಿ ಕೂತಿಲ್ಲ.

“ಏಳತ್ತಿ, ಒಂದ್ ಸುತ್ತು.”

“ಬ್ಯಾಡಲೇ, ನಂದು ತೆಪ್ಪದ ಕೈ.”

“ಗೊತ್ತೈತಿ, ಏಳು.”

ಸೀರೆ ಎತ್ತಿ ಕಟ್ಟಿ ಅವರು ಕೂರುತ್ತಾರೆ. ಆಸನ ಜಾರಿದಾಗ ಅಯ್ಯಯ್ಯ ಎಂದು ಚೀರುತ್ತಾರೆ, ದಂಡೆಯೆಲ್ಲ ನಗುತ್ತದೆ. ಒಂದು ಎಳೆತ, ಎರಡು, ಮೂರು. ನಾಲ್ಕನೆಯದಕ್ಕೆ ಅವರ ಮಣಿಕಟ್ಟು ನೀರಿನೊಳಗೇ ತಿರುಗುತ್ತದೆ, ಹುಟ್ಟು ಸಿಕ್ಕಿಕೊಳ್ಳುತ್ತದೆ, ದೋಣಿ ನಡುಗುತ್ತದೆ. ದೋಣಿಯಲ್ಲಿದ್ದ ಮೂವರು, ನೂರೀನ, ದಂಡೆಯಲ್ಲಿದ್ದ ಗೀತಾಂಜಲಿ, ಎಲ್ಲರೂ ಒಂದೇ ಬಾಯಲ್ಲಿ ಕೂಗುತ್ತಾರೆ:

“ಅತ್ತೀ! ಮೊದ್ಲು ಹೊರಗ, ಆಮ್ಯಾಲ ತಿರುವು!”

ದಡಕ್ಕೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುವಾಗಲೂ ಅವರ ನಗು ನಿಂತಿಲ್ಲ. ನಾಳೆ ಬೆಳಿಗ್ಗೆ ಇನ್ನೂ ಆರು ಜನ ಸಣ್ಣ ಹುಡುಗಿಯರು ಬರುತ್ತಾರಂತೆ, ಅವರಿಗೆ ಹುಟ್ಟು ಹಿಡಿಸುವವರು ಈ ನಾಲ್ವರೇ.

“ಕೇಳಿದ್ರೇನ್ರಿ? ನಂಗ ಹೇಳಿಕೊಡಾಕ ಬಂದಾವ” ಎನ್ನುತ್ತಾರೆ ಅನ್ನದಾನಮ್ಮ. “ಇರ್ಲಿ ಬಿಡ್ರಿ. ಆ ತಪ್ಪು ನನ್ನ ಕೈಗೇ ಮುಗೀತು. ಮುಂದಿನ ಕೈಗೆ ಹೋಗಂಗಿಲ್ಲ.”