ಮೊದಲು ಬೆಲ್ಲ, ಆಮೇಲೆ ವೈನ್

೧೯೮೬ ಜನವರಿ ೧೨, ಭಾನುವಾರ. ಸಂಜೆ ಐದೂವರೆಗೆ ಬರೆಯಲು ಕುಳಿತೆ.

ಬಾಯಮ್ಮನ ಬೆರಳ ತುದಿಗಳು ಅಕ್ಟೋಬರಿನಿಂದ ಕ್ರಿಸ್‌ಮಸ್‌ವರೆಗೆ ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಕಪ್ಪು ದ್ರಾಕ್ಷಿಯನ್ನು ಅವರು ಕೈಯಲ್ಲೇ ಹಿಸುಕುತ್ತಿದ್ದರು. ಬೀಜ ಒಡೆದರೆ ವೈನ್ ಕಹಿ ಎಂದು ಸೌಟು, ಒರಳು ಯಾವುದನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬೇರೆಯವರಾದರೆ ಇಗರ್ಜಿಗೆ ಹೋಗುವಾಗ ಅಂಥ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರೇನೋ. ಇವರು ಅದೇ ಕೈಯಲ್ಲಿ ಕೊಡೆ ಹಿಡಿದು ಓಣಿಯ ನಟ್ಟನಡುವೆ ನಡೆಯುತ್ತಿದ್ದರು.

ಕಲ್ಯಾಣಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ. ನಮ್ಮದು ದೇವಸ್ಥಾನದ ಅಡುಗೆಯವರ ಮನೆ, ಈರುಳ್ಳಿ ಕೂಡ ಒಳಗೆ ಬರುವಂತಿಲ್ಲ. ಅವರದು ಕ್ರೈಸ್ತರ ಮನೆ. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಕುವೈತಿನಲ್ಲಿದ್ದ. ಇಲ್ಲಿ ಕ್ರೈಸ್ತ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ ನಾವೂ ಬಾಯಮ್ಮ ಎಂದೆವು. ನಮ್ಮ ಹಸು ಕರು ಹಾಕಿದಾಗ ಅಮ್ಮ ಮಾಡುತ್ತಿದ್ದ ಗಿಣ್ಣು ಒಂದೇ ಆ ಬೇಲಿಯನ್ನು ದಾಟಿ ಹೋಗುತ್ತಿದ್ದದ್ದು.

೧೯೭೮ರಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬನ್ನಂಜೆಯ ಒಂದು ಲಾಡ್ಜಿನಲ್ಲಿ ಗುಮಾಸ್ತನಾದೆ. ಮಣಿಪಾಲಕ್ಕೆ ಬಂದ ವಿದೇಶಿ ಅತಿಥಿಗಳು, ಬೆನ್ನಿಗೆ ಚೀಲ ಹಾಕಿಕೊಂಡ ಪ್ರವಾಸಿಗರು ಅಲ್ಲಿ ಇಳಿಯುತ್ತಿದ್ದರು. ಕಾರ್ಕಳದ ಗೊಮ್ಮಟನನ್ನು, ಕಾಪುವಿನ ದೀಪಸ್ತಂಭವನ್ನು ನೋಡಿ ಬಂದು, ಸಂಜೆಗೆ ಏನಿದೆ ಎಂದು ಕೇಳುತ್ತಿದ್ದರು. ಒಮ್ಮೆ ಇಬ್ಬರನ್ನು ಬಾಯಮ್ಮನ ಜಗಲಿಗೆ ಕರೆತಂದೆ. ಆಮೇಲೆ ಅದೇ ರೂಢಿಯಾಯಿತು. ಏಳು ವರ್ಷಗಳಲ್ಲಿ ನೂರ ನಲವತ್ತೊಂದು ಜನ ಬಂದರೆಂದು ನನ್ನ ಡೈರಿ ಹೇಳುತ್ತದೆ. ಯಾರಿಂದಲೂ ಅವರು ಒಂದು ಪೈಸೆ ಮುಟ್ಟಲಿಲ್ಲ.

ಬಂದವರಿಗೆ ಮೊದಲು ಒಂದು ಚೊಂಬು ಬಾವಿನೀರು, ಒಂದು ತುಂಡು ಬೆಲ್ಲ. ಆಮೇಲೆ ಹೆಬ್ಬೆರಳೆತ್ತರದ ಗ್ಲಾಸುಗಳಲ್ಲಿ ಗೇರುಹಣ್ಣಿನ ವೈನ್, ಶುಂಠಿಯದು, ಕೊನೆಗೆ ದ್ರಾಕ್ಷಿಯದು. ಒಂದೊಂದೂ ಒಂದೇ ಗ್ಲಾಸು. ಎರಡನೆಯದು ಕೇಳಿದವರಿಗೆ ಮತ್ತೆ ನೀರು ಸಿಗುತ್ತಿತ್ತು.

ಮೊದಲ ಗುಟುಕಿಗೆ ಎಲ್ಲರೂ ಮುಖ ಹಿಂಡುತ್ತಿದ್ದರು. ಪರದೇಶದವರ ನಾಲಿಗೆ ನಾಜೂಕು ಎಂದು ನಾವಿಬ್ಬರೂ ನಂಬಿದ್ದೆವು. ಕಾರಣ ತಿಳಿದದ್ದು ೧೯೮೨ರಲ್ಲಿ, ಸ್ಪೇನಿನ ಒಬ್ಬ ಹೆಂಗಸು ಬಂದಾಗ. ಅವಳ ಊರಿನ ಹಳೆಯ ನೆಲಮಾಳಿಗೆಗಳಲ್ಲಿ ಪ್ರವಾಸಿಗರನ್ನು ಕೂರಿಸಿ, ಒಂದೊಂದು ವೈನಿಗೂ ಒಂದೊಂದು ಚೀಸ್ ಕೊಟ್ಟು ರುಚಿ ತೋರಿಸುತ್ತಾರಂತೆ. ಬೆಲ್ಲ ತಿಂದ ನಾಲಿಗೆಗೆ ಎಂಥ ವೈನೂ ಹುಳಿ, ಬೆಲ್ಲವನ್ನು ಕೊನೆಗೆ ಕೊಡಿ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಬಾಯಮ್ಮ ಅವಳನ್ನೇ ನೋಡಿ ನನಗೆ ಉತ್ತರ ಕೊಟ್ಟರು.

“ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡದೆ ವೈನ್ ಕೊಡ್ಲಿಕ್ಕೆ ಇದೆಂತ ಸಾರಾಯಿ ಗಡಂಗಾ, ಮಗಾ? ಬೆಲ್ಲ ನಾಲಿಗೆ ಬಿಡುವವರೆಗೆ ಕಾಯ್ಲಿಕ್ಕೆ ಹೇಳು. ಅಷ್ಟು ಹೊತ್ತು ಮಾತಾಡುವ. ಅವಳಿಗೆ ಮನೆ ಮಂದಿ ಯಾರೂ ಇಲ್ವಾ, ಕೇಳು.”

ಅಂದಿನಿಂದ ಬೆಲ್ಲಕ್ಕೂ ವೈನಿಗೂ ನಡುವೆ ಅರ್ಧ ಗಂಟೆ ಮಾತು. ಬಂದವರು ತಮ್ಮ ತಾಯಿಯ ಬಗ್ಗೆ, ಬಿಟ್ಟುಬಂದ ಕೆಲಸದ ಬಗ್ಗೆ ಹೇಳುತ್ತಿದ್ದರು. ಮುಖ ಹಿಂಡುವುದು ನಿಂತಿತು.

ಆ ಹೆಂಗಸು ಹೊರಡುವ ಮೊದಲು ಚೀಲದಿಂದ ಚೀಸಿನ ತುಂಡೊಂದನ್ನು ತೆಗೆದುಕೊಟ್ಟಳು. ಬಾಯಮ್ಮ ಮೂಸಿದರು. “ಹಾಳಾಗಿದೆ ಅಂತ ಹೇಳು ಮಗಾ. ಆದ್ರೆ ಮೆಲ್ಲ ಹೇಳು.” ಹಾಳಾದದ್ದಲ್ಲ, ಅದು ಇರುವುದೇ ಹಾಗೆ ಎಂದ ಮೇಲೆ ಸಣ್ಣ ಚೂರು ಬಾಯಿಗೆ ಹಾಕಿಕೊಂಡರು. ಗಿಣ್ಣಿಗೆ ವಯಸ್ಸಾದರೆ ಹೀಗಾಗುತ್ತದೆಂದು ಕಾಣುತ್ತದೆ ಎಂದರು. ಒಳಗೆ ಹೋಗಿ, ಅಂದು ಬೆಳಿಗ್ಗೆಯಷ್ಟೇ ನಮ್ಮ ಮನೆಯಿಂದ ಹೋಗಿದ್ದ ಏಲಕ್ಕಿ ಹಾಕಿದ ಗಿಣ್ಣನ್ನು ತಂದು ಅವಳ ಕೈಯಲ್ಲಿಟ್ಟರು.

ಮರುವರ್ಷ ಓಣಿಯ ಮೂವರು ಹಿರಿಯರು ಅವರ ಮನೆಗೆ ಹೋದರು. ಮುಂದೆ ಇದ್ದವರು ನನ್ನ ದೊಡ್ಡಪ್ಪ. ವಿಧವೆಯ ಮನೆಗೆ ಹೊತ್ತು ಮುಳುಗುವಾಗ ಪರದೇಶಿಗಳು ಬರುತ್ತಾರೆ, ಇದು ನಿಲ್ಲದಿದ್ದರೆ ಅಬಕಾರಿಯವರಿಗೆ ತಿಳಿಸಬೇಕಾಗುತ್ತದೆ ಎಂಬುದು ಅವರ ಮಾತು. ಬಾಯಮ್ಮ ನೀರು ಬೆಲ್ಲ ತಂದಿಟ್ಟರು. ಒಬ್ಬರೂ ಮುಟ್ಟಲಿಲ್ಲ.

“ಮರ್ಯಾದಸ್ಥರ ಓಣಿ ಇದು, ಬಾಯಮ್ಮ. ಇಲ್ಲಿ ಗಡಂಗು ಬೇಡ,” ಎಂದರು ದೊಡ್ಡಪ್ಪ.

“ಗಡಂಗಿನಲ್ಲಿ ಬೆಲ್ಲ ಕೊಡ್ತಾರಾ ರಾಯರೇ? ನಾನು ಹೋದವಳಲ್ಲ. ನೀವೇ ಹೇಳ್ಬೇಕು.”

ನಾನು ಬೇಲಿಯ ಈಚೆ ನಿಂತಿದ್ದೆ. ನಗು ತಡೆಯಲು ಕೆಮ್ಮಬೇಕಾಯಿತು. ದೊಡ್ಡಪ್ಪನ ದನಿ ಏರಿತು. ಬಾಯಮ್ಮನದು ಏರಲಿಲ್ಲ.

“ನೀರು ಮುಟ್ಟದೆ ಬೈದದ್ದು ನನಗೆ ಕೇಳುವುದಿಲ್ಲ. ನೀರು ಕುಡಿದು ಬೈಯಿರಿ. ಎಷ್ಟು ಹೊತ್ತು ಬೇಕಾದ್ರೂ ಕೂತು ಕೇಳ್ತೇನೆ.”

ಮೂವರೂ ಎದ್ದು ಹೋದರು. ಮಾರನೆಯ ದಿನ ಬಾಯಮ್ಮ ಹಿಂದಿನ ಜಗಲಿಯ ಬೆತ್ತದ ಕುರ್ಚಿಗಳನ್ನೆಲ್ಲ ಮುಂದಿನ ಜಗಲಿಗೆ ತಂದು, ರಸ್ತೆಗೆ ಮುಖ ಮಾಡಿ ಹಾಕಿದರು. ಗೇಟಿನ ಚಿಲಕ ತೆಗೆಸಿಯೇ ಬಿಟ್ಟರು. ಅಬಕಾರಿಯವರು ಬರಲಿಲ್ಲ. ಬಂದರೆ ಅವರಿಗೂ ಬೆಲ್ಲ ಕೊಡುವುದಿತ್ತು.

ಗಿಣ್ಣು ಇನ್ನು ಆ ಮನೆಗೆ ಹೋಗಕೂಡದು ಎಂದು ದೊಡ್ಡಪ್ಪ ನಮ್ಮಲ್ಲಿ ಬಂದು ಹೇಳಿದರು. ಮುಂದಿನ ಸಲ ಹಸು ಕರು ಹಾಕಿದಾಗ ಅಮ್ಮ ಬೇಲಿಯ ಮೇಲಿಂದ ಕೊಡುವುದನ್ನು ಬಿಟ್ಟು, ಮುಚ್ಚಳವಿಲ್ಲದ ಪಾತ್ರೆ ಹಿಡಿದು ರಸ್ತೆಗೆ ಇಳಿದು, ದೊಡ್ಡಪ್ಪನ ಮನೆಯ ಮುಂದಿನಿಂದಲೇ ಸುತ್ತು ಹಾಕಿ ಬಾಯಮ್ಮನ ಗೇಟು ಹೊಕ್ಕರು.

ಬಾಯಮ್ಮ ಕಳೆದ ನವೆಂಬರಿನಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡರು. ಕೈಗಳನ್ನು ಜೋಡಿಸಿ ಮಲಗಿಸಿದಾಗ ಬೆರಳುಗಳು ನೇರಳೆಯಾಗಿಯೇ ಇದ್ದವು. ಮಗ ಬಂದು, ಅಂತ್ಯಕ್ರಿಯೆ ಮುಗಿಸಿ, ಬೀಗದಕೈಯನ್ನು ನಮ್ಮಲ್ಲಿ ಕೊಟ್ಟು ಹೋದ. ದ್ರಾಕ್ಷಿ ಹಾಕಿಟ್ಟ ಭರಣಿಯನ್ನು ಚೆಲ್ಲಿಬಿಡು ಎಂದಿದ್ದ. ಅದು ಇನ್ನೂ ಒಳಗೊಳಗೇ ಗುಳುಗುಳು ಎನ್ನುತ್ತಿತ್ತು. ನಾನು ಅದನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದೆ.

ಅಮ್ಮ ಭರಣಿಯನ್ನೂ ನನ್ನನ್ನೂ ನೋಡಿದರು. “ಒಳಗೆ ಬೇಡ. ಹಟ್ಟಿಯಲ್ಲಿಡು. ಹಸುವಿಗೆ ಮಡಿ ಇಲ್ಲ.”

ನಾನು ಕುಡಿಯುವವನಲ್ಲ, ಇಂದಿಗೂ. ಆದರೆ ಭರಣಿಗೆ ಕಿವಿ ಇಡುವುದನ್ನು ಬಾಯಮ್ಮ ಕಲಿಸಿದ್ದರು: ಅದರ ಮಾತು ಪೂರ್ತಿ ನಿಂತ ಮೇಲೆ ಸೋಸು. ದಿನಾ ಬೆಳಿಗ್ಗೆ ಹಟ್ಟಿಗೆ ಹೋಗಿ ಕಿವಿ ಇಟ್ಟೆ. ಜನವರಿ ನಾಲ್ಕರಂದು ಸೋಸಿದೆ.

ನಿನ್ನೆ ಲಾಡ್ಜಿನಿಂದ ವಯಸ್ಸಾದ ದಂಪತಿಗಳನ್ನು ಬಾಯಮ್ಮನ ಜಗಲಿಗೆ ಕರೆತಂದೆ. ಅದೇ ಕುರ್ಚಿಗಳು, ಮುಖ ರಸ್ತೆಗೆ. ಬೆಲ್ಲ ಕೊಟ್ಟು ಮಾತಿಗೆ ಕುಳಿತಿದ್ದೆವು. ಗೇಟಿನ ಬಳಿ ದೊಡ್ಡಪ್ಪ ನಿಂತರು. “ಈಗ ನೀನು ಗಡಂಗು ಇಟ್ಟದ್ದಾ?”

ಚೊಂಬು, ಬೆಲ್ಲದ ತಟ್ಟೆ ಹಿಡಿದು ಇಳಿದು ಹೋದೆ. “ನೀರು ನಮ್ಮದೇ ಬಾವಿಯದು, ದೊಡ್ಡಪ್ಪ. ಕುಡಿದು ಬೈಯಿರಿ.”

ಅವರು ಚೊಂಬು ಮುಟ್ಟಲಿಲ್ಲ. ಒಂದು ತುಂಡು ಬೆಲ್ಲ ತೆಗೆದು ಮುಷ್ಟಿಯಲ್ಲಿ ಹಿಡಿದು ನಡೆದರು. ತಿಂದರೋ ಎಸೆದರೋ ಗೊತ್ತಿಲ್ಲ. ಡೈರಿಯಲ್ಲಿ ಮಾತ್ರ ಅವರನ್ನೂ ಸೇರಿಸಿದ್ದೇನೆ: ನೂರ ನಲವತ್ತನಾಲ್ಕು.

ಮಾರ್ಚಿಗೆ ಗೇರುಹಣ್ಣು ಬರುತ್ತದೆ. ಅದರ ಗಂಟಲು ಕೆರೆಯುವ ಗುಣವನ್ನು ಬಾಯಮ್ಮ ಹೇಗೆ ಕಳೆಯುತ್ತಿದ್ದರೋ ನನಗೆ ತಿಳಿಯದು. ಆ ಜಗಲಿಯಲ್ಲಿ ಬೆಲ್ಲ ಕರಗುವವರೆಗೆ ಕುಳಿತವರು, ಅವರೊಡನೆ ಹಣ್ಣು ಹಿಂಡಿದವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಒಂದು ಕಾಗದ ಬರೆಯಿರಿ. ಹಣ್ಣು ಬೀಳುವ ಮೊದಲು ತಲುಪಿದರೆ ಒಳ್ಳೆಯದು.