ಮೆಟ್ಟಿಲ ಕೆಳಗಿನ ಚಕ್ರವರ್ತಿ

ಮೊನ್ನೆ ನವರಾತ್ರಿಗೆಂದು ಗ್ಯಾರೇಜಿನಿಂದ ಗೊಂಬೆಯ ಡಬ್ಬ ಇಳಿಸಿ ಟೇಪು ಕಿತ್ತೆ. ನುಸಿಗುಳಿಗೆ, ಲವಂಗ, ಹಳೆಯ ರೇಷ್ಮೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಮೇಲಿದ್ದ ಕಾಲುಚೀಲವೊಂದನ್ನು ಎತ್ತಿದರೆ ಅದರೊಳಗಿಂದ ನಿಂಬೆಹಣ್ಣಿನ ಗಾತ್ರದ ಮಣ್ಣಿನ ತಲೆ ಉರುಳಿ ಬಂತು. ರೋಮಿನ ಚಕ್ರವರ್ತಿಯ ತಲೆ. ಮೂಗು ಈಗ ಸ್ವಲ್ಪ ಮುಕ್ಕಾಗಿದೆ... ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಟೆಕ್ಸಾಸಿನ ಫ್ಲವರ್ ಮೌಂಡ್ ಊರಿನ ಈ ಮನೆಗೆ ಬರುವ ಮೊದಲು ನಾವು ಅಲೆನ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ನಾನು ಧಾರವಾಡದ ಕಡೆಯವಳು. ಮೇಲಿನ ಮನೆಯವರು ಮೈಸೂರಿನವರು, ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರು. ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ಊರಿನ ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್ ಆಗಿದ್ದವರು, ಸಂಬಳವಿಲ್ಲದ ರಜೆ ಹಾಕಿ ಗಂಡನ ಜೊತೆ ಬಂದಿದ್ದರು. ನಮ್ಮಿಬ್ಬರದೂ ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ. ಇರಬಹುದು, ಓಡಾಡಬಹುದು, ದುಡಿಯುವಂತಿಲ್ಲ. ನನಗೆ ಅದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ. ಮಗ ಆರೋಗ್ಯವಾಗಿದ್ದ, ಬಾಲ್ಕನಿಯ ಕುಂಡದಲ್ಲಿ ಕರಿಬೇವು ಟೆಕ್ಸಾಸಿನ ಬಿಸಿಲನ್ನೂ ತಡೆದುಕೊಂಡು ಚಿಗುರಿತ್ತು, ಗುಡಿ ಹತ್ತಿರವಿತ್ತು. ದೇವರು ಇಷ್ಟು ಕೊಟ್ಟಿದ್ದಾನಲ್ಲ ಎಂದುಕೊಳ್ಳುವ ಸ್ವಭಾವ ನನ್ನದು. ಅಕ್ಕಾರಿಗೆ ಹಾಗಾಗಲಿಲ್ಲ. ಖಾಲಿ ಗೋಡೆ ಕಂಡರೆ ಅದನ್ನೇ ಬೋರ್ಡಿನಂತೆ ನೋಡುತ್ತಾ ನಿಲ್ಲುತ್ತಿದ್ದರು...

ಆ ರಜೆ ಜನವರಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಹಾಜರಾಗದಿದ್ದರೆ ಕೆಲಸ ಹೋದ ಹಾಗೆಯೇ. ಅವರು ಮಗಳನ್ನು ಕರೆದುಕೊಂಡು ವಾಪಸ್ಸು ಹೋಗಲು ಗಟ್ಟಿ ಮನಸ್ಸು ಮಾಡಿದ್ದರು. ಮಗುವನ್ನು ಕರೆದೊಯ್ಯಲು ತಂದೆಯ ಒಪ್ಪಿಗೆ ಬೇಕಿತ್ತು. ಗಂಡ ಅದನ್ನು ಕೊಡಲು ತಯಾರಿರಲಿಲ್ಲ. ವಾರವೆಲ್ಲ ಹ್ಯೂಸ್ಟನ್‌ನಲ್ಲಿ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ ಕೆಲಸ ಮಾಡಿ ಶುಕ್ರವಾರ ಡ್ರೈವ್ ಮಾಡಿಕೊಂಡು ಬರುವ ಮನುಷ್ಯ. ಕುಡಿತವಿಲ್ಲ, ಕೂಗಾಟವಿಲ್ಲ. ಆದರೆ ಯಾರ ಮನೆಗೆ ಹೋದರೂ ಒಂದೇ ಮಾತು: “ನಾನು ಇವಳನ್ನ ರಾಣಿ ಥರ ಇಟ್ಕೊಂಡಿದೀನಿ. ಇನ್ನೇನು ಬೇಕು ಹೇಳಿ.”

ಅಕ್ಕಾರು ಆ ವರ್ಷ ದಸರೆಗೆ ಗೊಂಬೆ ಕೂರಿಸಿದರು.

ಮೈಸೂರಿನವರ ಗೊಂಬೆ ಹಬ್ಬವನ್ನು ನಾನು ನೋಡಿದ್ದು ಅವರ ಮನೆಯಲ್ಲೇ. ಮನೆ ಸಾಮಾನಿನ ರಟ್ಟಿನ ಡಬ್ಬಗಳನ್ನು ಮೆಟ್ಟಿಲಾಗಿ ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ. ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ, ರಾಣಿ. ಕೆಳಗೆ ದಶಾವತಾರ ಇರಬಹುದೆಂದು ನಾನು ಕೈಮುಗಿಯಲು ಬಗ್ಗಿದರೆ, ಗ್ಯಾರೇಜ್ ಸೇಲಿನಲ್ಲಿ ತಂದ ಬೊಂಬೆಗಳು ರೇಷ್ಮೆ ಚೂರು ಸುತ್ತಿಕೊಂಡು, ಚಿನ್ನದ ಕಾಗದದ ಕಿರೀಟ ಹಾಕಿಕೊಂಡು ನಿಂತಿದ್ದವು.

“ಇವರೆಲ್ಲಾ ಯಾರ್ರಿ ಅಕ್ಕಾರ?”

“ರೋಮಿನ ಸಾಮಂತರು. ಸಿಂಹಾಸನ ಇವರದ್ದೇ, ಕಿರೀಟ ಇವರದ್ದೇ. ಹಾಕ್ಕೋಬಹುದಾ ಅಂತ ಮಾತ್ರ ರೋಮನ್ನ ಕೇಳಬೇಕು.”

ಹೂಬತ್ತಿ ಹೊಸೆಯುತ್ತಾ ಒಬ್ಬೊಬ್ಬರ ಕಥೆಯನ್ನೂ ಹೇಳಿದರು. ರೋಮಿನವರು ಇವರನ್ನು ಆಳು ಎನ್ನುತ್ತಿರಲಿಲ್ಲವಂತೆ, ಮಿತ್ರ ಎನ್ನುತ್ತಿದ್ದರಂತೆ. ರಾಜಕುಮಾರರನ್ನು ಚಿಕ್ಕವರಿರುವಾಗಲೇ ಕರೆದೊಯ್ದು ಅಲ್ಲೇ ಬೆಳೆಸುತ್ತಿದ್ದರಂತೆ. ಬೆಳೆದ ಮೇಲೆ ಅವರನ್ನೇ ರಾಜರೆಂದು ವಾಪಸ್ಸು ಕಳಿಸುವುದು. “ಅಮ್ಮ ಕನ್ನಡದಲ್ಲಿ ಕರೆದರೆ ಮಗ ಇಂಗ್ಲಿಷಲ್ಲಿ ಓಗೊಡೋ ಹಾಗೆ,” ಎಂದು ನನ್ನ ಮಗನ ಕಡೆ ನೋಡಿ ನಕ್ಕರು. ಬ್ರಿಟನ್ನಿನ ಒಬ್ಬ ರಾಜ, ಚಕ್ರವರ್ತಿ ಮೆಚ್ಚಲಿ ಎಂದು ತನ್ನ ಆಸ್ತಿಯಲ್ಲಿ ಅವನಿಗೂ ಪಾಲು ಬರೆದಿಟ್ಟು ಸತ್ತನಂತೆ. ರೋಮಿನವರು ಪಾಲಿಗೆ ಕಾಯಲಿಲ್ಲ, ಪೂರ್ತಿ ತೆಗೆದುಕೊಂಡರು; ಎದುರಾಡಿದ ಅವನ ರಾಣಿಗೆ ಚಾಟಿ ಬೀಸಿದರು. ಅವಳು ದಂಡು ಕಟ್ಟಿಕೊಂಡು ಬಂದು ಅವರ ಊರುಗಳನ್ನೇ ಸುಟ್ಟಳು. ಕೊನೆಗೆ ಸೋತಳು. “ಸೋತ್ಲು, ಸರಿ. ಸುಮ್ಮನೆ ಅಂತೂ ಕೂರಲಿಲ್ಲ,” ಎಂದು ಅಕ್ಕಾರು ಅವಳ ಗೊಂಬೆಯ ಕಿರೀಟ ನೆಟ್ಟಗೆ ಮಾಡಿದರು.

ಒಂದು ಕಣ್ಣಿಲ್ಲದ ರಾಣಿಯ ಗೊಂಬೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಈಜಿಪ್ಟಿನ ಆಚೆ, ನೈಲ್ ನದಿಯ ಮೇಲುಭಾಗದವಳು. ಅವಳ ಕಡೆಯವರು ಗಡಿ ದಾಟಿ ಬಂದು ಚಕ್ರವರ್ತಿಯ ಕಂಚಿನ ಪ್ರತಿಮೆಯ ತಲೆಯನ್ನೇ ಕಿತ್ತುಕೊಂಡು ಹೋಗಿ ತಮ್ಮ ಗುಡಿಯ ಮೆಟ್ಟಿಲ ಕೆಳಗೆ ಹೂತರಂತೆ. ಅವಳ ರಾಜ್ಯದಿಂದ ಕಪ್ಪ ಕೇಳುವುದನ್ನು ರೋಮ್ ಕೈಬಿಟ್ಟಿತಂತೆ.

“ದೇವರ ಗುಡಿಯೊಳಗ ಹಂಗೆಲ್ಲಾ ಮಾಡಬಹುದೇನ್ರಿ?” ಎಂದೆ.

“ಪೂಜೆಗೆ ಹೋಗೋರೆಲ್ಲ ಅವನ ಮೇಲೆ ಕಾಲಿಟ್ಟೇ ಹೋಗ್ಲಿ ಅಂತ. ದೇವರೇನೂ ಬೇಡ ಅನ್ನಲಿಲ್ಲ ನೋಡು.”

ಶನಿವಾರ ಆರತಿಗೆ ಎಲ್ಲರನ್ನೂ ಕರೆದಿದ್ದರು. ಕೋಸಂಬರಿ ನಾನೇ ಮಾಡಿದೆ. ಉಪ್ಪು ಹದವಾಗಿತ್ತು, ಅದೂ ದೇವರ ದಯೆ. ಪ್ಲೇನೋ ಊರಿನಿಂದ ಬಂದ ಡಾಕ್ಟರ್ ಆಂಟಿ ಕುಂಕುಮ ಹಚ್ಚಿಸಿಕೊಂಡು ಮೇಲಿನ ಮೆಟ್ಟಿಲು ನೋಡಿದವರೇ ಹುಬ್ಬು ಗಂಟಿಕ್ಕಿದರು. ಅಲ್ಲಿ ರಾಣಿ ಒಬ್ಬಳೇ ಇದ್ದಳು. ಹಿಂದಿನ ಸಂಜೆ ಜೋಡಿಯಿದ್ದುದನ್ನು ನಾನೇ ನೋಡಿದ್ದೆ.

“ಏನಮ್ಮ ಇದು, ಒಂಟಿ ರಾಣೀನ ಕೂರಿಸಿದೀಯ? ಶಾಸ್ತ್ರ ಅಲ್ಲ. ರಾಜ ಎಲ್ಲಿ?”

ಅಕ್ಕಾರ ಗಂಡ ಸೋಫಾದ ಮೇಲೆ ಕಾಫಿ ಕುಡಿಯುತ್ತಿದ್ದರು. ಅಕ್ಕಾರು ಅವರ ಕಡೆ ನೋಡಲೂ ಇಲ್ಲ.

“ರೋಮಿಗೆ ಹೋಗಿದಾನೆ ಆಂಟಿ. ಗ್ರೀನ್ ಕಾರ್ಡ್ ಯಾವಾಗ ಅಂತ ಕೇಳೋಕೆ. ಅವನೂ ಪಾಪ ಸಾಮಂತನೇ. ರಾಣಿ ಮಾತ್ರ ಇನ್ನು ಯಾರನ್ನೂ ಕೇಳೋದಿಲ್ಲವಂತೆ.”

ಯಾರೋ ಕಿಸಕ್ಕೆಂದು ನಕ್ಕರು. ಅಕ್ಕಾರ ಗಂಡನೂ ನಗಲು ನೋಡಿದರು. “ಹೌದು ಮಾರಾಯ್ತಿ, ಇಷ್ಟೊಂದು ಸಾಮಂತರನ್ನ ಕೂರಿಸಿದೀಯ, ಚಕ್ರವರ್ತಿನೇ ಇಲ್ಲವಲ್ಲ?”

“ಅಂಡರ್ ದ ಸ್ಟೆಪ್ಸ್, ಡ್ಯಾಡಿ,” ಎಂದಿತು ಮಗು. “ಐ ಮೇಡ್ ಹಿಮ್.”

ಅವರು ಎದ್ದು ಬಂದು ಪಂಚೆಯ ಅಂಚು ಎತ್ತಿದರು. ಕೊನೆಯ ಡಬ್ಬದ ಕೆಳಗೆ ಈ ಮಣ್ಣಿನ ತಲೆ ಇತ್ತು. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಮನಸ್ಸಿನಲ್ಲೇ ಗುರುರಾಯರನ್ನು ನೆನೆದೆ. ಅಕ್ಕಾರ ಗಂಡ ತಲೆಯನ್ನು ಇದ್ದಲ್ಲೇ ಇಟ್ಟು ಪಂಚೆ ಸರಿಮಾಡಿ ಒಳಗೆ ಹೋದರು. ನಾವು ಆರತಿ ಹಾಡು ಶುರು ಮಾಡಿದೆವು...

ಒಪ್ಪಿಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಹೊರಡುವ ದಿನ ಕಾರಿಗೆ ಸೂಟ್‌ಕೇಸ್ ಏರಿಸುತ್ತಾ ಅವರ ಗಂಡ ನನಗೆ, “ನೋಡಮ್ಮ, ಕೊನೆಗೂ ಕಳಿಸಿಕೊಡ್ತಿದೀನಿ ನಿಮ್ಮಕ್ಕನ್ನ,” ಎಂದರು.

“ಕಳಿಸ್ತಿಲ್ಲ,” ಎಂದರು ಅಕ್ಕಾರು. “ಹೋಗ್ತಿದೀನಿ.”

ಗೊಂಬೆಯ ಡಬ್ಬ ನನಗೆ ಕೊಟ್ಟು ಹೋದರು. ಪಟ್ಟದ ರಾಣಿಯನ್ನು ಮಾತ್ರ ಜೊತೆಗೆ ಒಯ್ದರು.

ಅವರನ್ನು ಸೊಕ್ಕಿನವರು ಎಂದವರು ಬಹಳ ಮಂದಿ. ಗಂಡನನ್ನು ಒಂಟಿ ಮಾಡಿ ಹೋದಳು ಎಂದರು. ಕೆಲವು ವರ್ಷ ಪಾಠ ಮಾಡಿ, ಕಾಯಿಲೆ ಬಿದ್ದು, ಅವರು ತೀರಿಕೊಂಡ ಸುದ್ದಿ ಬಂದಾಗ ಗುಡಿಯ ಊಟದ ಹಾಲ್‌ನಲ್ಲಿ ಒಬ್ಬಾಕೆ, “ಏನು ಸುಖಪಟ್ಟಳು ಹೋಗಿ?” ಎಂದಳು. ನಾನು ಜಗಳದವಳಲ್ಲ. ಅವತ್ತು ತಟ್ಟೆ ಕೆಳಗಿಟ್ಟು ಹೇಳಿದೆ: “ಕ್ಲಾಸಿನ್ಯಾಗ ನಿಂತು ಪಾಠ ಮಾಡ್ಯಾರ್ರಿ. ಅವರಿಗೆ ಬೇಕಾಗಿದ್ದು ಅದ. ದೇವರು ಕೊಟ್ಟಾನ.” ಇವತ್ತಿಗೂ ಅದನ್ನೇ ಹೇಳುತ್ತೇನೆ. ಅವರಿಗೆ ಇನ್ನಷ್ಟು ವರ್ಷ ಕೊಡಬಹುದಿತ್ತು ಎಂದು ದೇವರ ಹತ್ತಿರವೂ ಹೇಳಿದ್ದೇನೆ. ಅವನಿಗೆ ಅದು ಕೇಳಿಸಿರಬೇಕು...

ಇವತ್ತು ಸಂಜೆ ಗೊಂಬೆ ಕೂರಿಸಿದೆ. ಚಕ್ರವರ್ತಿಯ ತಲೆ ಕೊನೆಯ ಮೆಟ್ಟಿಲ ಕೆಳಗೆ. ರಾಜ ಎರಡನೆಯ ಮೆಟ್ಟಿಲ ಮೇಲೆ, ಉಳಿದ ಸಾಮಂತರ ಜೊತೆ. ಮೇಲಿನ ಮೆಟ್ಟಿಲಲ್ಲಿ ಒಂದು ಸೇವಂತಿಗೆ ಇಟ್ಟು ಜಾಗ ಖಾಲಿ ಬಿಟ್ಟಿದ್ದೇನೆ. ನಾಳೆ ಬಂದವರು ಕೇಳುತ್ತಾರೆ, ಪ್ರತಿ ವರ್ಷವೂ ಕೇಳುತ್ತಾರೆ, ರಾಣಿ ಎಲ್ಲಿ ಎಂದು.

“ಪಾಠಕ್ಕ ಹೋಗ್ಯಾರ್ರಿ,” ಎನ್ನುತ್ತೇನೆ.