ಮಡಿ ಅಜ್ಜಿಯ ಹುಳುಕಡ್ಡಿ

ಅಕ್ಟೋಬರ್ ೯, ೧೯೬೪, ಶುಕ್ರವಾರ. ಬೆಳಗ್ಗೆ ಆರು ಇಪ್ಪತ್ತಕ್ಕೆ ಬರೆಯಲು ಕೂತೆ.

ತಮ್ಮನ ಹುಳುಕಡ್ಡಿಗೆಂದು ನಿನ್ನೆ ತಂದ ಮುಲಾಮಿನ ಡಬ್ಬಿಯನ್ನು ಈಗಷ್ಟೇ ತೆರೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಒಂಬತ್ತು ವರ್ಷದ ಹಿಂದಿನ ಒಂದು ಬೆಳಗು ಇಡಿಯಾಗಿ ಎದ್ದು ಬಂತು. ಈಗಲೇ ಬರೆದುಬಿಡಬೇಕು.

ಆಗ ನನಗೆ ಹತ್ತು ವರ್ಷ. ಜಯನಗರದ ನಮ್ಮ ಸಾಲಿನಲ್ಲಿ ಇದ್ದದ್ದು ಏಳೇ ಮನೆ, ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು. ಪಕ್ಕದ ಮನೆಯ ಅಜ್ಜಿ ಬಹಳ ಮಡಿಯವರು. ಬೆಳಗಿನ ಸ್ನಾನದಿಂದ ಊಟದವರೆಗೆ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ತಮ್ಮ ಕೆಂಪು ಸೀರೆಯನ್ನು ತಾವೇ ಒಗೆದು, ಕೋಲಿನಿಂದ ಎತ್ತರದ ಗಳುವಿನ ಮೇಲೆ ಹರವುತ್ತಿದ್ದರು. ಮಳೆಗಾಲದಲ್ಲಿ ಅದು ಒಣಗದಿದ್ದರೆ ಒದ್ದೆಯನ್ನೇ ಉಡುತ್ತಿದ್ದರು. ರವಿಕೆ ತೊಡುತ್ತಿರಲಿಲ್ಲ.

ಅಂಥವರ ಭುಜದ ಹಿಂದೆ ಕಾಸಗಲದ ಕೆಂಪು ಉಂಗುರ ಎದ್ದಿತು. ಅಂಚಿಗೆ ಹೊಟ್ಟು, ವಿಪರೀತ ತುರಿಕೆ. ಹುಳುಕಡ್ಡಿ ಅಂಟುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಯಾರೂ ಮುಟ್ಟದವರಿಗೆ ಅಂಟಿಸಿದ್ದು ಯಾರು? ಅನುಮಾನ ಸೊಸೆಯ ಮೇಲೆ ಬಂತು.

"ನೀನೇ ಕಣೇ ನನ್ನ ಮಡಿಸೀರೆ ಮುಟ್ಟಿರೋದು."

"ನನ್ನ ಮೈಮೇಲೆ ಎಲ್ಲಾದ್ರೂ ಕಲೆ ಇದ್ಯಾ ಅತ್ತೆ? ಬಂದು ನೋಡಿ."

"ನಾನ್ಯಾಕೆ ಹತ್ರ ಬರ್ಲಿ? ಮೈಲಿಗೆ."

ಸೊಸೆಯನ್ನು ಅಡುಗೆಮನೆಗೆ ಸೇರಿಸಲಿಲ್ಲ. ಆಕೆ ತುಮಕೂರಿನ ತವರಿಗೆ ಹೊರಟರು. ಹೋದರೆ ಮತ್ತೆ ಬರುವುದಿಲ್ಲವೆಂದು ನಮ್ಮಮ್ಮನ ಹತ್ತಿರ ಅತ್ತರು... ಮರುದಿನ ಬೆಳಗ್ಗೆ ಜಟಕಾ ಬರುವುದಿತ್ತು.

ಅದೇ ಸಂಜೆ ನನ್ನ ಮುಂಗೈಯಲ್ಲೂ ಉಂಗುರ ಕಂಡಿತು. ಡಾಕ್ಟರು ಮುಲಾಮು ಕೊಟ್ಟು, "ಇದು ಹುಳ ಅಲ್ಲಮ್ಮ, ಬೂಷ್ಟು. ಇನ್ನೊಬ್ಬರ ಟವೆಲ್‌ನಿಂದ, ಬಾಚಣಿಗೆಯಿಂದ ಬರುತ್ತೆ. ಬೆಕ್ಕು, ನಾಯಿ, ಕರುವಿನಿಂದಲೂ ಬರುತ್ತೆ. ಒದ್ದೆ ಬಟ್ಟೆ ಹಾಕ್ಕೊಂಡ್ರೆ ಇನ್ನೂ ಹಬ್ಬುತ್ತೆ" ಎಂದರು.

ಕರು! ಯಡಿಯೂರಿನ ಹಾಲಿನವನು ಹಸುವನ್ನು ಮನೆ ಬಾಗಿಲಿಗೇ ತಂದು ಕರೆಯುತ್ತಿದ್ದ. ಹಸು ಮುಟ್ಟಿದರೆ ಮಡಿ ಕೆಡುವುದಿಲ್ಲವೆಂದು, ಅಷ್ಟು ಹೊತ್ತೂ ಕರುವನ್ನು ತಬ್ಬಿ ಹಿಡಿಯುತ್ತಿದ್ದವರು ಅಜ್ಜಿ. ಅದು ಅವರ ಬರಿಭುಜಕ್ಕೆ ತಲೆ ಉಜ್ಜುತ್ತಿತ್ತು. ಇನ್ನೊಂದು ಬದಿಯಿಂದ ನಾನು ತಬ್ಬುತ್ತಿದ್ದೆ.

ಬೆಳಗ್ಗೆ ಹಾಲಿನವನು ಬಂದ ತಕ್ಷಣ ಕರುವಿನ ಕಿವಿ ಮಡಿಸಿ ನೋಡಿದೆ. ಬೂದಿ ಮೆತ್ತಿದಂಥ, ಕೂದಲುದುರಿದ ದುಂಡು ಮಚ್ಚೆಗಳು!

"ಅಜ್ಜಿ, ನಿಮ್ದೂ ನಂದೂ ಇಲ್ಲಿದೆ ನೋಡಿ."

"ಚಳಿಗೆ ಕೂದ್ಲು ಉದುರೈತೆ ಅಷ್ಟೇ ಕಣವ್ವ" ಎಂದ ಹಾಲಿನವನು.

"ಹಸುವಿನಿಂದ ಮೈಲಿಗೆ ಆಗತ್ತೇನೇ?" ಎಂದರು ಅಜ್ಜಿ.

"ಮೈಲಿಗೆ ಆಗಲ್ಲ ಅಜ್ಜಿ, ಹುಳುಕಡ್ಡಿ ಆಗತ್ತಂತೆ. ಡಾಕ್ಟ್ರು ಹೇಳಿದ್ರು."

ಅಜ್ಜಿ ಕರುವಿನ ಕಿವಿ ನೋಡಿದರು, ನನ್ನ ಮುಂಗೈ ನೋಡಿದರು. ನನ್ನ ಮುಲಾಮು ಇಸಿದುಕೊಂಡು ಭುಜದ ಹಿಂದಕ್ಕೆ ಕೈ ಚಾಚಿದರು. ಎಟುಕಲಿಲ್ಲ. ಅಷ್ಟರಲ್ಲಿ ಜಟಕಾ ಬಂತು, ಸೊಸೆ ಟ್ರಂಕು ಹಿಡಿದು ಹೊರಗೆ ಬಂದರು.

"ಟ್ರಂಕು ಅಲ್ಲಿಡು. ನನ್ನ ಕೈ ಎಟುಕ್ತಿಲ್ಲ. ಬಾ, ಹಚ್ಚು."

"ನೀವು ಮಡೀಲಿದ್ದೀರಿ ಅತ್ತೆ."

"ಆಮೇಲೆ ಇನ್ನೊಂದ್ಸಲ ನೀರು ಹಾಕ್ಕೋತೀನಿ. ನೀನು ಹಚ್ಚೇ."

ಸೊಸೆ ಹಚ್ಚಿದರು. ಬಹಳ ಹೊತ್ತು, ನಿಧಾನವಾಗಿ... ಜಟಕಾ ಖಾಲಿ ಹೋಯಿತು.

ಅಜ್ಜಿ ಹೋದ ವರ್ಷ ತೀರಿಕೊಂಡರು. ಬಾಗಿಲಿಗೆ ಹಸು ಬರುವುದೂ ನಿಂತಿದೆ. ಆ ಮನೆಯ ಮುಂದೆ ಹಾಯುವಾಗ ಈಗಲೂ ಅಜ್ಜಿಗೆ ತಾಗಬಾರದೆಂದು ಒಂದು ಹೆಜ್ಜೆ ಸರಿಯುತ್ತೇನೆ, ಯಾರಿಗಾಗಿ ಸರಿಯಬೇಕೋ ಅವರೇ ಇಲ್ಲ.

ಆಗ ಯಡಿಯೂರಿನಿಂದ ಹಸು ಹೊಡೆದುಕೊಂಡು ಬರುತ್ತಿದ್ದವರ ಮನೆಯವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಮಕ್ಕಳಿಗೂ ಹೀಗೆ ಆಗಿತ್ತೇ, ಏನು ಹಚ್ಚುತ್ತಿದ್ದಿರಿ ಎಂದು ದಯವಿಟ್ಟು ನನಗೆ ಬರೆಯಿರಿ.